ವಿಮಾನ ಕಟ್ಟಿದ ಬಳೆ

ಆಗ ನನಗೆ ಅರವತ್ತೆಂಟು. ಅದು ನಡೆದು ಈಗ ಹದಿನೆಂಟು ವರ್ಷವಾಯಿತು. ಕಣ್ಣು ಚೆನ್ನಾಗಿತ್ತು, ಸೊಂಟ ಹೇಳಿದ ಮಾತು ಕೇಳುತ್ತಿತ್ತು, ಗಂಡ ಹೋಗಿ ಬಹಳ ಕಾಲವಾಗಿತ್ತು, ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಇತ್ತು. ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಒಳಗೆ ಹೊಕ್ಕರೆ ನಮ್ಮ ಹಳ್ಳಿ. ಹಳ್ಳಿ ಅನ್ನುವುದು ಹೆಸರಿಗೆ ಮಾತ್ರ. ಮೂರು ಕಡೆಯಿಂದ ಲೇಔಟು ಬಂದು ನಮ್ಮ ಬದುವಿನ ತನಕ ಸೈಟಿನ ಕಲ್ಲು ನೆಟ್ಟಿದ್ದರು. ಮಿಕ್ಕವರು ಮಾರಿಕೊಂಡು ಮೂರಂತಸ್ತಿನ ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ನಾನು ಮಾರಿರಲಿಲ್ಲ. ರಾಗಿ ಹಾಕುತ್ತಿದ್ದೆ.

ಆ ವರ್ಷ ರಾಗಿ ತೆನೆ ಕಟ್ಟುವ ಹೊತ್ತಿಗೆ ಒಬ್ಬ ಮನುಷ್ಯ ಬೈಕಿನಲ್ಲಿ ಬಂದ. ನಲವತ್ತು ದಾಟಿದವನು, ಹೆಗಲಿಗೆ ಚೀಲ, ಕೊರಳಿಗೆ ಕ್ಯಾಮೆರಾ. ಬೈಕು ನಿಲ್ಲಿಸಿ ಕೈಯಲ್ಲೊಂದು ಕಾಗದ ಹಿಡಿದು ನಮ್ಮ ಊರಿನ ಗುಡ್ಡ ನೋಡಿದ. ಮತ್ತೆ ಕಾಗದ ನೋಡಿದ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ಇನ್ನೊಂದು ಸಲ ಗುಡ್ಡ ನೋಡಿದ. ಕಾಗದ ಹಿಡಿದುಕೊಂಡು ನೆಲ ಅಳೆಯುವವರು ನಮ್ಮ ಕಡೆ ಎರಡೇ ಥರದವರು. ಒಬ್ಬ ಬ್ರೋಕರು, ಇನ್ನೊಬ್ಬ ಸರ್ಕಾರದವನು. ಬ್ರೋಕರು ಬಂದರೆ ನಗುತ್ತಾ ಬರುತ್ತಾನೆ. ಇವನು ನಗುತ್ತಿರಲಿಲ್ಲ. ನಾನು ಎಮ್ಮೆಗೆ ಹುಲ್ಲು ಹಾಕುವುದು ಬಿಟ್ಟು ಹೋದೆ.

"ಯಾರಪ್ಪಾ ನೀನು? ಯಾವ ಸರ್ವೆ ನಂಬರು ಬೇಕಿತ್ತು?"

"ಸರ್ವೆ ಅಲ್ರೀ ಅಮ್ಮಾರ," ಅಂದ. ಹುಬ್ಬಳ್ಳಿ ಕಡೆಯ ಮಾತು. "ಯುದ್ಧದ ಟೈಮಿನ್ಯಾಗ ಇಲ್ಲೆ ವಿಮಾನ ಇಳೀತಿದ್ವಂತ. ಅದನ್ನ ಕೇಳಾಕ ಬಂದೇನ್ರಿ."

"ವಿಮಾನ ಯಾವುದೂ ಇಳಿದಿಲ್ಲ. ಹದ್ದು ಇಳೀತವೆ, ಕೋಳಿಮರಿ ಎತ್ಕೊಂಡು ಹೋಗ್ತವೆ. ಬೇಕಾದ್ರೆ ಅದನ್ನ ಬರ್ಕೊ."

ಅವನು ನಕ್ಕು ಕಾಗದವನ್ನು ನನ್ನ ಕಡೆ ತಿರುಗಿಸಿದ. ಹಳೆಯ ಫೋಟೋ ಒಂದರ ನಕಲು. ಎರಡಂತಸ್ತಿನ ರೆಕ್ಕೆಯ ಪುಟ್ಟ ವಿಮಾನ ಬಯಲಿನಲ್ಲಿ ನಿಂತಿದೆ, ಹಿಂದೆ ಎರಡು ಬಂಡೆ ಹೊತ್ತ ಗುಡ್ಡ. ಅದು ನಮ್ಮದೇ ಗುಡ್ಡ, ಕುರುಡಿಗೂ ಗೊತ್ತಾಗುತ್ತದೆ. ವಿಮಾನದ ಗಾಲಿಯ ಹತ್ತಿರ ಒಬ್ಬ ಹೆಂಗಸು ಚೊಂಬು ಹಿಡಿದು ಬಗ್ಗಿದ್ದಾಳೆ. ಮುಖ ಕಾಣುವುದಿಲ್ಲ.

"ಈ ಗಾಲಿಗೆ ಏನೋ ಹಚ್ಯಾರಲ್ರಿ, ನೋಡ್ರಿ. ಚುಕ್ಕಿ ಚುಕ್ಕಿ. ಎಣ್ಣಿ ಸೋರೇತೋ, ಬಣ್ಣದ ಗುರುತೋ, ನನಗ ತಿಳೀವಲ್ದು. ನಿಮಗೇನರ ನೆನಪೈತೇನು?"

"ಇದು ನಮ್ಮೂರಲ್ಲ," ಅಂದೆ. "ಗುಡ್ಡ ಎಲ್ಲಾ ಕಡೇನೂ ಇರತ್ತೆ."

ಅವನು ಜಗಳ ಮಾಡಲಿಲ್ಲ. ಕಾಗದ ಮಡಿಸಿದ. ಹೋಗುವಾಗ ನನ್ನ ಎಮ್ಮೆಯ ಕಡೆ ನೋಡಿದ. ಎಮ್ಮೆಯ ಹಗ್ಗ ನೆಲದಲ್ಲಿದ್ದ ಕಬ್ಬಿಣದ ಬಳೆಗೆ ಕಟ್ಟಿತ್ತು. ರುಬ್ಬುವ ಕಲ್ಲಿನಷ್ಟು ಅಗಲದ ಕಾಂಕ್ರೀಟು, ಅದರ ನಡುವೆ ಹೆಬ್ಬೆರಳು ದಪ್ಪದ ಬಳೆ. ಬಳೆ ನೋಡಿದ, ನನ್ನ ಮುಖ ನೋಡಿದ, ಏನೂ ಕೇಳದೆ ಬೈಕು ಹತ್ತಿ ಹೋದ. ಅದೇ ನನಗೆ ಸರಿ ಬರಲಿಲ್ಲ. ಕೇಳಿದ್ದರೆ ಪಂಪ್‌ಸೆಟ್ಟು ಕೂರಿಸಲು ಹಾಕಿದ್ದು ಅಂತ ಏನೋ ಒಂದು ಹೇಳಿ ಕಳಿಸುತ್ತಿದ್ದೆ. ಕೇಳದೆ ಹೋದವನಿಗೆ ಏನು ಹೇಳುವುದು.

ನಿಜ ಏನೆಂದರೆ ವಿಮಾನ ಇಳಿದಿತ್ತು. ನಾನೇ ನೋಡಿದ್ದೆ. ನಾನು ಹುಟ್ಟಿದ್ದೂ ಅದೇ ಊರಲ್ಲಿ, ಸೊಸೆಯಾದದ್ದೂ ಅದೇ ಊರಿಗೆ, ಸೋದರಮಾವನಿಗೇ ಕೊಟ್ಟಿದ್ದರು. ನಾನು ಲಂಗ ಹಾಕುವ ವಯಸ್ಸಿನಲ್ಲಿ ಮಿಲಿಟರಿಯವರು ಬಂದು ನಾಲ್ಕು ಮನೆಯ ಹೊಲದ ಬದು ಕೆಡವಿ ಒಂದೇ ಬಯಲು ಮಾಡಿದರು. ನಮ್ಮ ಎತ್ತುಗಳನ್ನೇ ಕಟ್ಟಿ ನಮ್ಮ ನೆಲದ ಮೇಲೆ ಕಲ್ಲಿನ ರೋಲರು ಎಳೆಸಿದರು. ಯುದ್ಧ ಮುಗಿದ ಮೇಲೆ ವಾಪಸು ಅಂದರು. ಒಂದು ಬೇಸಗೆ ಪುಟ್ಟ ಪುಟ್ಟ ಹಳದಿ ವಿಮಾನ ಬಂದು ಇಳಿದು ಹೋದವು. ಗಾಳಿಗೆ ಹಾರದ ಹಾಗೆ ಬಳೆಗಳಿಗೆ ಹಗ್ಗ ಹಾಕಿ ಕಟ್ಟುತ್ತಿದ್ದರು, ಎತ್ತು ಕಟ್ಟಿದ ಹಾಗೆ. ಯುದ್ಧ ಮುಗಿಯಿತು. ಅವರು ಹೊರಟು ಹೋದರು. ನೆಲ ವಾಪಸು ಕೊಟ್ಟೆವು ಅಂತ ಯಾರೂ ಬಂದು ಹೇಳಲಿಲ್ಲ, ಕೊಡುವುದಿಲ್ಲ ಅಂತಲೂ ಹೇಳಲಿಲ್ಲ. ಮುಂದಿನ ಮಳೆಗೆ ನಮ್ಮ ಹಿರಿಯರು ನೇಗಿಲು ಹೂಡಿದರು.

ಕಂದಾಯ ಕಟ್ಟಿದೆವು, ಪಹಣಿಯಲ್ಲಿ ನಮ್ಮ ಹೆಸರೇ ಇದೆ. ಆದರೂ ಹೆದರಿಕೆ ಹೋಗಲಿಲ್ಲ. ಯಾವತ್ತಾದರೂ ಒಬ್ಬ ನಕ್ಷೆ ಹಿಡಿದು ಬಂದು ಇದು ನಮ್ಮ ಬಯಲು, ಎದ್ದು ನಡೆಯಿರಿ ಅಂದರೆ? ಅದಕ್ಕೆ ನಾಲ್ಕು ಮನೆಯವರೂ ಸೇರಿ ಮಾತಾಡಿಕೊಂಡರು. ಯಾರೇ ಕೇಳಲಿ, ಇಲ್ಲಿ ವಿಮಾನ ಇಳಿದಿಲ್ಲ. ಹೊಸ ಸೊಸೆ ಬಂದರೆ ಉಪ್ಪಿನ ಮಡಕೆ ಎಲ್ಲಿದೆ ಅಂತ ತೋರಿಸುವ ದಿನವೇ ಇದನ್ನೂ ಹೇಳುತ್ತಿದ್ದರು. ಮಕ್ಕಳಿಗೆ ಹೇಳುವುದೇ ಬೇಡ, ಅವು ತಾವಾಗೇ ಕಲಿಯುತ್ತಿದ್ದವು. ಇಷ್ಟು ವರ್ಷದಲ್ಲಿ ಕೇಳಲು ಬಂದವರೇ ಇರಲಿಲ್ಲ ಅನ್ನುವುದು ಬೇರೆ ಮಾತು. ಬಳೆಗಳು ಮೂರಿದ್ದವು. ಒಂದನ್ನು ಕಮ್ಮಾರ ಬಿಚ್ಚಿಕೊಂಡು ಹೋದ, ಒಂದು ನನ್ನ ಮೈದುನನ ಮಗನ ಮನೆಯ ಪಾಯದೊಳಗೆ ಸೇರಿತು. ನನ್ನದು ಉಳಿಯಿತು, ಏಕೆಂದರೆ ಎಷ್ಟು ಎಳೆದರೂ ಕಿತ್ತು ಬಾರದ ಗೂಟ ಎಮ್ಮೆ ಸಾಕುವವಳಿಗೆ ಇನ್ನೆಲ್ಲಿ ಸಿಗುತ್ತದೆ.

ಮೈದುನನ ಮಗ ಸೈಟಿನ ವ್ಯಾಪಾರ ಮಾಡುತ್ತಿದ್ದ. ಬಿಳಿ ಷರ್ಟು, ಎರಡು ಮೊಬೈಲು. ನನ್ನ ಹೊಲದ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಸಂಜೆ ಬಂದು ಜಗಲಿ ಮೇಲೆ ಕುಳಿತ.

"ದೊಡ್ಡಮ್ಮ, ಯಾವನೋ ಬಂದಿದ್ನಂತೆ, ಏರೋಪ್ಲೇನ್ ಅಂತ. ಬಾಯಿ ಬಿಡಬೇಡ ಆಯ್ತಾ?"

"ನೀನು ಹುಟ್ಟೋಕೆ ಮುಂಚೆ ಮುಚ್ಚಿದ ಬಾಯಿ ಇದು."

"ಅಲ್ಲಾ, ಸುಮ್ನೆ ಹೇಳಿದೆ."

ಸುಮ್ಮನೆ ಹೇಳುವವನು ಕೆಂಗೇರಿ ಉಪನಗರದ ತನ್ನ ಆಫೀಸಿನಿಂದ ಊಟ ಬಿಟ್ಟು ಓಡಿ ಬರುವುದಿಲ್ಲ. ಆ ಬೈಕಿನವನನ್ನು ಇವನೇ ಕಳಿಸಿರಬೇಕು ಅನ್ನಿಸಿತು. ಮಿಲಿಟರಿ ಬರುತ್ತದೆ ಅಂತ ಹೆದರಿಸಿದರೆ ಮುದುಕಿ ಬಂದಷ್ಟಕ್ಕೆ ಕೊಟ್ಟು ಕೈತೊಳೆಯುತ್ತಾಳೆ ಅಂತ ಲೆಕ್ಕ ಹಾಕಿರಬಹುದು. ಇವನ ಮುಖ ನೋಡಿದೆ. ಇವನೂ ನನ್ನ ಮುಖ ನೋಡುತ್ತಿದ್ದ. ಆಮೇಲೆ ಹೊಳೆಯಿತು, ಇವನಿಗೂ ನನ್ನ ಮೇಲೆ ಅದೇ ಅನುಮಾನ. ಮುದುಕಿ ಒಳಗೊಳಗೇ ಬೇರೆ ಯಾರಿಗೋ ಮಾರುತ್ತಿದ್ದಾಳೆ, ಅದಕ್ಕೆ ಅಳೆಯಲು ಜನ ಬರುತ್ತಿದ್ದಾರೆ ಅಂತ.

ಆ ಹುಬ್ಬಳ್ಳಿಯವನು ಮತ್ತೆ ಬಂದ, ಒಂದು ಭಾನುವಾರ. ನಾನು ಹಿತ್ತಿಲಿನಿಂದ ಬರುವಷ್ಟರಲ್ಲಿ ಬಗ್ಗಿ ನೆಲದ ಫೋಟೋ ತೆಗೆಯುತ್ತಿದ್ದ. ಮನುಷ್ಯರದ್ದಲ್ಲ, ಮನೆಯದ್ದಲ್ಲ, ಬರೀ ಮಣ್ಣಿನದು. ಆಮೇಲೆ ಕೊಟ್ಟಿಗೆಯ ಗೋಡೆಗೆ ಎದುರಾಗಿ ನಿಂತು ಅದರದ್ದೂ ತೆಗೆದ. ಗೋಡೆಯ ತುಂಬ ನಾನು ತಟ್ಟಿದ ಬೆರಣಿ. ಕಟ್ಟಡ ಕಟ್ಟುವ ಮುಂಚೆ ಮಣ್ಣು ಪರೀಕ್ಷೆ ಮಾಡುತ್ತಾರೆ ಅಂತ ಕೇಳಿದ್ದೆ. ಮೈದುನನ ಮಗನಿಗೆ ಫೋನು ಮಾಡಿಸಿದೆ. ಅವನ ಮೇಲೆ ಅನುಮಾನ ಇದ್ದರೂ ಆ ಹೊತ್ತಿಗೆ ಬೇರೆ ಗಂಡಸು ಇರಲಿಲ್ಲ.

ಅವನು ಬಂದವನೇ, "ಸಾರ್, ಯಾವ ಡಿಪಾರ್ಟ್‌ಮೆಂಟು ನೀವು?" ಅಂದ.

"ಡಿಪಾರ್ಟ್‌ಮೆಂಟ್ ಇಲ್ರೀ. ನಾ ಫ್ಯಾಕ್ಟರಿಯೊಳಗ ಡ್ರಾಯಿಂಗ್ ಬರಿಯಾವ."

"ಡಿಪಾರ್ಟ್‌ಮೆಂಟಿನವರೆಲ್ಲಾ ಹಿಂಗೇ ಅನ್ನೋದು."

ಪಾಪ, ಅವನು ನಿಂತಲ್ಲೇ ಬಿಡಿಸಿ ಹೇಳಿದ. ಕಂಪ್ಯೂಟರಿನಲ್ಲಿ ವಿಮಾನ ಓಡಿಸುವ ಒಂದು ಆಟ ಇದೆಯಂತೆ. ಇಡೀ ಭೂಮಿಯೇ ಅದರಲ್ಲಿದೆಯಂತೆ, ಆದರೆ ಅದರಲ್ಲಿರುವುದು ಈಗಿನ ವಿಮಾನ, ಈಗಿನ ದೊಡ್ಡ ನಿಲ್ದಾಣ. ಹಳೆಯವು ಇಲ್ಲ. ಹಾಗಾಗಿ ಇಂಥವರು ಹಳೆಯ ವಿಮಾನಗಳನ್ನೂ ಮುಚ್ಚಿಹೋದ ನಿಲ್ದಾಣಗಳನ್ನೂ ಮನೆಯಲ್ಲಿ ಕುಳಿತು ಒಂದೊಂದೇ ತುಂಡು ಬರೆದು ಆ ಆಟಕ್ಕೆ ಸೇರಿಸುತ್ತಾರಂತೆ. ಪೆಟ್ಟಿಗೆ ಮಾಡಿ ಅದಕ್ಕೆ ಗೋಡೆಯ ಫೋಟೋ ಅಂಟಿಸಿದರೆ ಮನೆ, ನೆಲಕ್ಕೆ ಮಣ್ಣಿನ ಫೋಟೋ ಹಾಸಿದರೆ ಬಯಲು. ಅದಕ್ಕೇ ಮಣ್ಣು, ಅದಕ್ಕೇ ಬೆರಣಿ ಗೋಡೆ. ಆ ಹಳೆಯ ಫೋಟೋ ಎಲ್ಲಿಂದ ಬಂತು ಅಂದರೆ, ಇಲ್ಲಿ ವಿಮಾನ ಹಾರಿಸಲು ಕಲಿತ ಒಬ್ಬ ಬಿಳಿಯನ ಮಗ ಅಪ್ಪನ ಆಲ್ಬಮ್ಮಿನಿಂದ ತೆಗೆದು ಇಂಟರ್‌ನೆಟ್ಟಿನಲ್ಲಿ ಹಾಕಿದ್ದನಂತೆ. ಬೆಂಗಳೂರಿನ ಪಡುವಣಕ್ಕೆ, ಊರಿನ ಹೆಸರು ಗೊತ್ತಿಲ್ಲ ಅಂತ ಕೆಳಗೆ ಬರೆದಿತ್ತಂತೆ. ಇವನು ಆ ಎರಡು ಬಂಡೆಯ ಗುಡ್ಡ ಹುಡುಕಿಕೊಂಡು ರಜೆ ಸಿಕ್ಕಾಗಲೆಲ್ಲ ಬೈಕಿನಲ್ಲಿ ಸುತ್ತಿದ್ದ.

"ಇದನ್ನ ಮಾಡಿದ್ರೆ ನಿಂಗೆ ಎಷ್ಟು ಕೊಡ್ತಾರೆ?" ಅಂತ ಕೇಳಿದೆ.

"ಏನೂ ಕೊಡಂಗಿಲ್ರಿ. ಫ್ರೀ ಹಾಕ್ತೇವಿ. ಯಾರು ಬೇಕಾದ್ರೂ ತಗೋಬಹುದು."

ಮೈದುನನ ಮಗ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಅಷ್ಟು ವರ್ಷದಲ್ಲಿ ನಾವಿಬ್ಬರೂ ಒಂದೇ ಥರ ಯೋಚನೆ ಮಾಡಿದ್ದು ಅವತ್ತೇ ಇರಬೇಕು. ಪುಕ್ಕಟೆ ಕೆಲಸ ಮಾಡುವವನನ್ನು ಹೇಗೆ ನಂಬುವುದು? ದುಡ್ಡಿಗೆ ಮಾಡುವವನಾದರೆ ಏನು ಬೇಕು ಅಂತ ಗೊತ್ತಿರುತ್ತದೆ, ಅಷ್ಟು ಕೊಟ್ಟು ಕಳಿಸಬಹುದು.

"ಗುರು, ಇಷ್ಟೆಲ್ಲಾ ಸುತ್ತಿ ಪೆಟ್ರೋಲು ಸುಟ್ಟು ಫ್ರೀನಾ?" ಅಂದ ಮೈದುನನ ಮಗ.

"ನನ್ನ ಹೆಂಡ್ತಿನೂ ಇದನ್ನ ಕೇಳ್ತಾಳ್ರಿ," ಅಂದ ಅವನು. "ನಂಬಿಕಿ ಇಲ್ಲಂದ್ರ ಮನಿಗೆ ಬಂದು ನೋಡ್ರಿ. ದೀಪಾಂಜಲಿ ನಗರ. ಇಡೀ ಬಯಲು ಮಾಡೇನಿ. ಆ ಗಾಲಿ ಒಂದ ತಿಳೀವಲ್ದು."

ಇಡೀ ಬಯಲು ಮಾಡಿದ್ದೇನೆ ಅಂದಿದ್ದು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಹೋಗಬೇಡ ದೊಡ್ಡಮ್ಮ, ಅಲ್ಲಿ ಏನಾದ್ರೂ ಸೈನು ಹಾಕಿಸ್ಕೊಂಡ್ರೆ ಅಂದ ಮೈದುನನ ಮಗ. ಅವನು ಬೇಡ ಅಂದಿದ್ದಕ್ಕೇ ಹೋದೆ. ಒಂದು ಚೀಲ ಅವರೆಕಾಯಿ ತೆಗೆದುಕೊಂಡು ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೋದರೆ ಬೇಡಲು ಬಂದವಳು ಅಂದುಕೊಳ್ಳುತ್ತಾರೆ. ಆಗ ಮೆಟ್ರೊ ಇರಲಿಲ್ಲ, ಮೈಸೂರು ರಸ್ತೆಯ ತುಂಬ ಧೂಳು, ಮೋರಿಯ ನಾತ. ಮೂಗು ಮುಚ್ಚಿಕೊಂಡೇ ಹೋಗಿ ಇಳಿದೆ.

ಮಹಡಿ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಅವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಅವರೆಕಾಯಿ ನೋಡಿ ಮುಖ ಅರಳಿತು.

"ಬರ್ರಿ ಅವ್ವ. ಮನಿಗೆ ಬಂದವರಿಗೆಲ್ಲ ವಿಮಾನ ತೋರಸ್ತಾರ ಇವರು, ಚಹಾ ಮಾತ್ರ ನಾನ ಕೊಡಬೇಕು. ಕಾಯಿಪಲ್ಲೆ ತಂದವರು ನೀವ ಮೊದಲು."

ಅವಳನ್ನು ನೋಡಿ ಸ್ವಲ್ಪ ಧೈರ್ಯ ಬಂತು. ಮೋಸದ ಮನೆಯಲ್ಲಿ ಹೆಂಗಸರು ಗಂಡನನ್ನು ಹೀಗೆ ಆಡಿಕೊಳ್ಳುವುದಿಲ್ಲ, ಹೊಗಳುತ್ತಾರೆ.

ಅವನು ಕಂಪ್ಯೂಟರು ಹಾಕಿ ನನಗೆ ಕುರ್ಚಿ ಕೊಟ್ಟ. ಮೊದಲು ಬರೀ ಆಕಾಶ. ಆಮೇಲೆ ಗುಡ್ಡ, ಎರಡು ಬಂಡೆ. ಕೆರೆ. ಆಮೇಲೆ ಬಯಲು. ನನ್ನ ಹೊಲವನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಬದು ಇಲ್ಲ, ರಾಗಿ ಇಲ್ಲ, ಕೊಟ್ಟಿಗೆ ಇಲ್ಲ. ಬೋಳು ನೆಲ, ಅಂಚಿನಲ್ಲಿ ಮಿಲಿಟರಿಯವರ ಶೆಡ್ಡು. ನನ್ನದು ಅನ್ನುವುದು ಒಂದೂ ಇಲ್ಲ. ಇದು ದೇಶ ದೇಶಕ್ಕೆಲ್ಲ ಹೋಗುತ್ತದೆ ಅಂತ ಅವನೇ ಹೇಳಿದ್ದ. ನಾಳೆ ಯಾವನಾದರೂ ಅಧಿಕಾರಿಯ ಮಗ ಇದನ್ನು ಆಡಿ, ಅಪ್ಪಾ ಇಲ್ಲಿ ನೋಡು ಮಿಲಿಟರಿ ಜಾಗ ಅಂದರೆ?

ಅವನು ಹತ್ತಿರ ಹೋದ. ಶೆಡ್ಡಿನ ಗೋಡೆ ಕಂಡಿತು. ಗೋಡೆಯ ತುಂಬ ಬೆರಣಿ, ಬೆರಣಿಯ ಮೇಲೆ ಕೈ ಗುರುತು. ನನ್ನ ಬಲಗೈ ಉಂಗುರದ ಬೆರಳು ಕುಡುಗೋಲು ತಾಗಿ ಸೊಟ್ಟಗಾಗಿದೆ. ನಾನು ತಟ್ಟಿದ ಬೆರಣಿ ಯಾರ ಗೋಡೆಯ ಮೇಲಿದ್ದರೂ ಗೊತ್ತಾಗುತ್ತದೆ. ಅದೇ ಸೊಟ್ಟ ಬೆರಳು, ಮಿಲಿಟರಿ ಶೆಡ್ಡಿನ ಮೇಲೆ, ಸಾಲಾಗಿ. ಹೆಬ್ಬೆಟ್ಟು ಒತ್ತಿ ನೆಲ ಕಳೆದುಕೊಂಡವರನ್ನು ನಮ್ಮ ಸುತ್ತ ಬಹಳ ನೋಡಿದ್ದೇನೆ. ನಾನು ಅಕ್ಷರ ಕಲಿತದ್ದೇ ಹೆಬ್ಬೆಟ್ಟು ಒತ್ತಬಾರದು ಅಂತ. ಈಗ ಅಂಗೈಯನ್ನೇ ಒತ್ತಿ ಕೊಟ್ಟ ಹಾಗಾಯಿತು.

"ಇದನ್ನ ಅಳಿಸು," ಅಂದೆ.

"ಯಾಕ್ರಿ, ಚಂದ ಐತಲ್ರಿ."

"ನನ್ನ ಕೈ ಅದು. ಅಳಿಸು."

ಅವನಿಗೆ ಅರ್ಥವಾಗಲಿಲ್ಲ. ಆಯ್ತು ಅಂದ, ಮೊದಲು ವಿಮಾನ ನೋಡ್ರಿ ಅಂದ. ಶೆಡ್ಡಿನ ಮುಂದೆ ವಿಮಾನ ನಿಂತಿತ್ತು. ಹಳದಿ ಬಟ್ಟೆಯ ರೆಕ್ಕೆ, ರೆಕ್ಕೆಯ ನಡುವೆ ತಂತಿ, ಬಾಲದಲ್ಲಿ ಪುಟ್ಟ ಗಾಲಿಯ ಬದಲು ಒಂದು ಕೊಕ್ಕೆ. ರೆಕ್ಕೆಯ ಕೆಳಗಿನಿಂದ ಹಗ್ಗ ಇಳಿದು ನೆಲದ ಬಳೆಗೆ ಕಟ್ಟಿತ್ತು. ನನ್ನ ಬಳೆ. ಒಂದು ಕಡೆ ತುಕ್ಕು ತಿಂದು ಸವೆದದ್ದು ಕೂಡ ಹಾಗೇ ಇತ್ತು, ಮಣ್ಣಿನ ಜೊತೆ ಅದರ ಫೋಟೋವನ್ನೂ ತೆಗೆದಿದ್ದನೇನೋ. ನಾನು ಅದನ್ನು ನೋಡುತ್ತಿರುವಾಗಲೇ ಅವನು ಏನೋ ಒತ್ತಿದ. ಮೂಗಿನ ರೆಕ್ಕೆ ಒಂದು ಸಲ ತಿರುಗಿ ನಿಂತಿತು, ಕೆಮ್ಮಿತು, ಆಮೇಲೆ ಗರ್ರೆಂದು ತಿರುಗತೊಡಗಿತು.

ನನಗೆ ಗೊತ್ತಿಲ್ಲದ ಹಾಗೇ ಕೈ ಸೆರಗಿಗೆ ಹೋಗಿತ್ತು. ಕಣ್ಣು ಮುಚ್ಚಿ, ಬಾಯಿ ಮೂಗಿಗೆ ಸೆರಗು ಒತ್ತಿ, ಮುಖ ಆ ಕಡೆ ತಿರುಗಿಸಿ ಕುಳಿತಿದ್ದೆ. ಆಗ ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಇಂಜಿನು ಹಾಕಿದರೆ ಹಿಂದೆ ನಿಂತವರಿಗೆ ಮಣ್ಣಿನ ಸ್ನಾನ.

ಕಣ್ಣು ಬಿಟ್ಟಾಗ ಅವನು ಇಂಜಿನು ನಿಲ್ಲಿಸಿದ್ದ. ಮೆಲ್ಲಗೆ, "ಧೂಳು ಬಾಳ ಏಳ್ತಿತ್ತೇನ್ರಿ?" ಅಂದ.

ಸೆರಗು ಇನ್ನೂ ನನ್ನ ಮೂಗಿನ ಮೇಲೆಯೇ ಇತ್ತು.

ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿದಳು. "ಮುಖ ಮುಚ್ಕೊಂಡ ಕುಂತಾರಲ್ಲ, ಇನ್ನೇನು ಕೇಳ್ತೀರಿ. ಮೊದಲ ಧೂಳು ಹಾಕ್ರಿ."

ಇನ್ನು ಇಲ್ಲ ಅಂದು ಪ್ರಯೋಜನ ಇರಲಿಲ್ಲ. ನಾಲ್ಕು ಮನೆಯವರು ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ನನ್ನ ಕೈಯೇ ಹೇಳಿಬಿಟ್ಟಿತ್ತು. ಅತ್ತೂ ಪ್ರಯೋಜನ ಇಲ್ಲ. ಚಹಾ ಕುಡಿದೆ. ಕುಡಿಯುತ್ತಾ ಯೋಚನೆ ಮಾಡಿದೆ. ಇವನಿಗೆ ಒಂದು ವಸ್ತು ಬೇಕು, ಗಾಲಿಯ ಮೇಲಿನ ಚುಕ್ಕಿ. ನನಗೊಂದು ಬೇಕು. ಹಾಗಿದ್ದರೆ ಇದು ಸಂತೆಯ ಲೆಕ್ಕವೇ ಆಯಿತು, ಸಂತೆ ನನಗೆ ಹೊಸದಲ್ಲ.

"ನಿನ್ನ ಈ ಆಟದಲ್ಲಿ ಮಳೆಗಾಲ ಬರತ್ತಾ?" ಅಂತ ಕೇಳಿದೆ.

"ಬರತೈತ್ರಿ. ಚಳಿಗಾಲ, ಬ್ಯಾಸಗಿ, ಎಲ್ಲಾ ಬರ್ತಾವ. ಒಂದೊಂದಕ್ಕ ಬ್ಯಾರೆ ಬ್ಯಾರೆ ನೆಲ ಬರದು ಕೊಡಬಹುದು. ನಾ ಬ್ಯಾಸಗಿದ ಒಂದ ಬರದೇನಿ."

"ಹಂಗಾದ್ರೆ ಕೇಳು. ಬೇಸಗೇಲಿ ನಿನ್ನ ವಿಮಾನ ಇಳೀಲಿ. ಮಳೆ ಬಿದ್ದ ಮೇಲೆ ಸುಗ್ಗಿ ತನಕ ಅಲ್ಲಿ ರಾಗಿ ಇರಬೇಕು. ನನ್ನ ರಾಗಿ. ನೀನು ರಾಗಿ ಹಾಕು, ನಾನು ಗಾಲಿದು ಹೇಳ್ತೀನಿ."

ಅವನು ನಕ್ಕ. "ರಾಗಿ ಹಾಕಿದ್ರ ಏರ್‌ಪೋರ್ಟ್ ಹೆಂಗ ಆಗತೈತ್ರಿ? ವಿಮಾನ ಎಲ್ಲಿ ಇಳೀಬೇಕು?"

"ಇಳೀಬಾರದು ಅಂತಾನೇ ಹೇಳ್ತಿರೋದು."

ನನ್ನ ಲೆಕ್ಕ ಸರಿಯಾಗೇ ಇತ್ತು. ಪಹಣಿಯಲ್ಲಿ ಪ್ರತಿ ವರ್ಷ ಏನು ಬೆಳೆ ಅಂತ ಬರೆಸುತ್ತೇವೆ. ನೆಲ ಯಾರ ಕೈಯಲ್ಲಿದೆ ಅಂತ ಕೇಳಿದರೆ ಬೆಳೆ ತೋರಿಸುತ್ತೇವೆ. ಬೋಳು ನೆಲ ಯಾರದ್ದು ಬೇಕಾದರೂ ಆಗಬಹುದು, ಬೆಳೆ ಇರುವ ನೆಲಕ್ಕೆ ಒಬ್ಬ ಯಜಮಾನ ಇದ್ದಾನೆ ಅಂತ ಅರ್ಥ. ಇವನ ಕಂಪ್ಯೂಟರು ಊರೂರಿಗೆ ಹೋಗುವುದಾದರೆ ನನ್ನ ಬೆಳೆಯೂ ಹೋಗಲಿ. ಎದ್ದು ನಿಂತಾಗ ಇನ್ನೊಂದು ಹೊಳೆಯಿತು. "ಬೆರಣಿ ಅಳಿಸಬೇಡ, ಇರಲಿ," ಅಂದೆ. "ಯಾರ ಗೋಡೆ ಅಂತ ಗೊತ್ತಾಗ್ಲಿ."

ಅವನು ಊರಿಗೆ ಬಂದು, ಹೊಲದಲ್ಲಿ ನಿಂತಿದ್ದ ಬೆಳೆಯ ಫೋಟೋ ತೆಗೆದುಕೊಂಡು ಹೋದ. ಈ ಸಲ ನಾನೇ ಬದುವಿನ ಮೇಲೆ ನಿಂತು ಇಲ್ಲಿಂದ ತೆಗಿ, ಅಲ್ಲಿಂದ ತೆಗಿ ಅಂದೆ. ಮೈದುನನ ಮಗ ದೂರದಿಂದ ನೋಡಿ ಬೈಕು ತಿರುಗಿಸಿಕೊಂಡು ಹೋದ. ನಾನು ಹೊಲ ಮಾರಿಯೇಬಿಟ್ಟೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ ಅಂತ ಬಿಟ್ಟೆ.

ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಅವನು ಹೇಳಿ ಕಳಿಸಿದ. ಮತ್ತೆ ದೀಪಾಂಜಲಿ ನಗರಕ್ಕೆ ಹೋದೆ, ಈ ಸಲ ಕುಟ್ಟಿದ ಹುಚ್ಚೆಳ್ಳಿನ ಪುಡಿ ತೆಗೆದುಕೊಂಡು. ತೆರೆಯ ಮೇಲೆ ರಾಗಿ ಬಂದಿತ್ತು. ರಾಗಿಯ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಅವರೆಯೂ ಇತ್ತು. ಚೆನ್ನಾಗೇ ಬರೆದಿದ್ದ. ನಾನು ಸರಿ ಅನ್ನುವಷ್ಟರಲ್ಲಿ ಅವನು ವಿಮಾನ ಇಳಿಸಿ ತೋರಿಸಿದ. ಅದು ಬಂದು ರಾಗಿಯ ಮೇಲೆಯೇ ಉರುಳಿಕೊಂಡು ಹೋಯಿತು. ಒಂದು ತೆನೆಯೂ ಬಾಗಲಿಲ್ಲ, ಒಂದು ಗಿಡವೂ ಮುರಿಯಲಿಲ್ಲ. ನೀರಿನ ಮೇಲೆ ಹೋದ ಹಾಗೆ ಹೋಗಿ ನಿಂತಿತು.

"ಬೆಳೆ ಮೇಲೆ ಹರಿಸ್ತಿದ್ದೀಯಲ್ಲೋ."

"ಅದು ಚಿತ್ರ ಅಷ್ಟೇ ಅವ್ವ. ನೆಲಕ್ಕ ಹಾಸಿದ್ದು. ವಿಮಾನಕ್ಕ ಅದು ತಗಲಂಗಿಲ್ಲ."

"ತಗಲದೇ ಇರೋ ಬೆಳೆ ನಂಗ್ಯಾಕೆ? ಇಂಥ ರಾಗಿ ಸರ್ಕಾರದೋರು ಬಹಳ ಜನ ಕಾಗದದ ಮೇಲೆ ಬರ್ಕೊಟ್ಟಿದಾರೆ. ಗಾಲಿದು ಹೇಳಲ್ಲ, ಹೋಗು."

ಹೆಂಡತಿ ಒಳಗೆ ನಗುತ್ತಿದ್ದಳು. ಅವನು ತಲೆ ಕೆರೆದುಕೊಂಡ. ವಿಮಾನಕ್ಕೆ ತಗಲಬೇಕಾದರೆ ನಿಂತಿರುವ ವಸ್ತು ಏನಾದರೂ ಬೇಕು ಅಂದ. ಗೋಡೆ, ಕಂಬ, ಅಂಥದ್ದು. ಹೊಲದ ನಡುವೆ ಗೋಡೆ ಯಾರು ಕಟ್ಟುತ್ತಾರೆ. "ಬೆರ್ಚಪ್ಪನ್ನ ನಿಲ್ಸು," ಅಂದೆ. ಬೆರ್ಚಪ್ಪ ಅಂದರೆ ಹಕ್ಕಿ ಓಡಿಸುವ ಬೆದರುಬೊಂಬೆ. ಕೋಲಿಗೆ ಹುಲ್ಲು ಸುತ್ತಿ ಹಳೆಯ ಅಂಗಿ ಹಾಕಿ, ಒಡೆದ ಮಡಕೆಗೆ ಸುಣ್ಣದ ಕಣ್ಣು ಬರೆದು ನಿಲ್ಲಿಸುವುದು. ಅವನಿಗೆ ಅದು ಬಹಳ ಹಿಡಿಸಿತು. ಅಲ್ಲೇ ಕುಳಿತು ಬರೆಯತೊಡಗಿದ. ನಾನು ಅವನ ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ಕುಳಿತು ಅವಳ ಅತ್ತೆಯ ವಿಷಯ ಕೇಳಿದೆ. ಅದು ಬೇರೆಯೇ ಕಥೆ.

ಕರೆದಾಗ ಹೋಗಿ ನೋಡಿದೆ. ರಾಗಿಯ ನಡುವೆ ಬೆರ್ಚಪ್ಪ ಕೈ ಚಾಚಿಕೊಂಡು ನಿಂತಿದ್ದ, ಮೈಮೇಲೆ ಅವನದೇ ಫ್ಯಾಕ್ಟರಿಯ ನೀಲಿ ಷರ್ಟು. ವಿಮಾನ ಕೆರೆಯ ಕಡೆಯಿಂದ ಇಳಿಯಿತು, ನೆಲ ಮುಟ್ಟಿತು, ಬೆರ್ಚಪ್ಪನಿಗೆ ಹೋಗಿ ಗುದ್ದಿತು. ಎಲ್ಲಾ ನಿಂತುಹೋಗಿ ಇಂಗ್ಲಿಷಿನಲ್ಲಿ ಏನೋ ಅಕ್ಷರ ಬಂತು. ವಿಮಾನ ಬಿದ್ದುಹೋಯಿತು ಅಂತ ಅರ್ಥವಂತೆ. ಬೆರ್ಚಪ್ಪ ಮಾತ್ರ ನಿಂತೇ ಇದ್ದ.

"ಇನ್ನೊಂದ್ಸಲ," ಅಂದೆ.

ಇನ್ನೊಂದು ಸಲವೂ ಬಿತ್ತು. ಅವನ ಹೆಂಡತಿ ತಾನೂ ಒಂದು ಸಲ ಬೀಳಿಸಿದಳು.

ಮಾತು ಮಾತೇ. ಗಾಲಿಯದು ಹೇಳಿದೆ. ಅದು ಎಣ್ಣೆಯೂ ಅಲ್ಲ, ಗುರುತೂ ಅಲ್ಲ, ಅರಿಶಿನ ಕುಂಕುಮ. ಮನೆಗೆ ಹೊಸ ಎತ್ತು ಬಂದರೆ ಕಾಲು ತೊಳೆದು ಅರಿಶಿನ ಕುಂಕುಮ ಇಡುತ್ತೇವೆ. ಮೊದಲ ವಿಮಾನ ಬಂದಾಗ ನನ್ನ ಅಜ್ಜಿ ಚೊಂಬಿನಲ್ಲಿ ನೀರು ತೆಗೆದುಕೊಂಡು ಹೋಗಿ ಅದರ ಎರಡು ಗಾಲಿಯನ್ನೂ ತೊಳೆದಳು. ವಿಮಾನದವನು ಏನು ಮಾಡುತ್ತಾಳೋ ಅಂತ ಹೆದರಿ ಎರಡು ಹೆಜ್ಜೆ ಹಿಂದೆ ಹೋಗಿದ್ದ. ನಮ್ಮ ಹೊಲಕ್ಕೆ ಬಂದದ್ದು ನಮ್ಮದೇ ಅಂದುಕೊಂಡಿದ್ದಳು ಅಜ್ಜಿ. ಹೊಲವೇ ಹೋಯಿತು ಅಂತ ಅವಳಿಗೆ ಗಂಡಸರು ಹೇಳಿರಲಿಲ್ಲ.

ಅವನು ಹಳೆಯ ಫೋಟೋದ ಕಾಗದ ಬಿಡಿಸಿ ಇನ್ನೊಂದು ಸಲ ನೋಡಿದ. ಆಮೇಲೆ ಗಾಲಿಗೆ ಕೆಂಪು, ಹಳದಿ ಇಟ್ಟ. ಇಟ್ಟದ್ದು ಸರಿಯಾಗಿತ್ತು. ನಾನು ಹೊರಡಲು ಚಪ್ಪಲಿ ಹಾಕಿಕೊಳ್ಳುವಾಗ ಸಂತೋಷದಲ್ಲಿ ಹೇಳಿಬಿಟ್ಟ.

"ಫೋಟೋ ಹಾಕಿದವರಿಗೆ ಬಳಿ ಸಿಕ್ಕೈತಿ ಅಂತ ಬರದೇನ್ರಿ ಅವ್ವ. ಅವರಪ್ಪ ವಿಮಾನ ಕಟ್ಟಿದ ಬಳಿ. ಬಾಳ ಖುಷಿ ಆಗ್ಯಾರ. ಮುಂದಿನ ಸಲ ಇಂಡಿಯಾಕ್ಕ ಬಂದಾಗ ಬಂದು ಮುಟ್ಟಿ ನೋಡ್ತಾರಂತ. ಪೇಪರಿನ್ಯಾಗ ನನ್ನ ಗೆಳೆಯಾ ಒಬ್ಬ ಅದಾನ, ಅವನೂ ಬರ್ತೀನಿ ಅಂದಾನ."

"ಬರ್ಲಿ," ಅಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅವನು ಕೆಟ್ಟವನಲ್ಲ ಅಂತ ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಗೊತ್ತಾಗಿ ಏನು? ಕಂಪ್ಯೂಟರಿನಲ್ಲಿ ಬೆರ್ಚಪ್ಪ ಕಾಯುತ್ತಾನೆ, ನೆಲದ ಮೇಲೆ ಯಾರು ಕಾಯಬೇಕು? ಬಿಳಿಯ ಬಂದು ಬಳೆ ಮುಟ್ಟುತ್ತಾನೆ. ಪೇಪರಿನವನು ಅದರ ಫೋಟೋ ಹಾಕುತ್ತಾನೆ. ಆ ಪೇಪರನ್ನು ಯಾರು ಯಾರು ಓದುತ್ತಾರೋ. ಕಂಪ್ಯೂಟರಿನಲ್ಲಿರುವುದು ಆಟ ಅಂದುಬಿಡಬಹುದು, ಫೋಟೋದಲ್ಲಿರುವ ಗುಡ್ಡ ಬೇರೆ ಊರಿನದು ಅಂದುಬಿಡಬಹುದು. ಕಾಂಕ್ರೀಟಿನಲ್ಲಿ ಕೂತ ಬಳೆಯನ್ನು ಏನನ್ನುವುದು?

ಮಾರನೆಯ ದಿನ ಬೆಳಿಗ್ಗೆ ಎಮ್ಮೆಯನ್ನು ಬಿಚ್ಚಿ ಹೊಂಗೆ ಮರಕ್ಕೆ ಕಟ್ಟಿದೆ. ಹಿತ್ತಿಲಿನ ತಿಪ್ಪೆಯಿಂದ ಗೊಬ್ಬರ ಮಂಕರಿಗೆ ತುಂಬಿ ಹೊತ್ತು ತಂದು ಬಳೆಯ ಮೇಲೆ ಸುರಿಯತೊಡಗಿದೆ. ಮೈದುನನ ಮಗ ಹಲ್ಲುಜ್ಜುತ್ತಾ ಬಂದವನು ಬದುವಿನ ಮೇಲೆ ನಿಂತು ನೋಡಿದ. ಗೊಬ್ಬರ ನೋಡಿದ, ಬಳೆ ಇದ್ದ ಜಾಗ ನೋಡಿದ. ಯಾಕೆ ಅಂತ ಕೇಳಲಿಲ್ಲ. ಬಾಯಿ ಮುಕ್ಕಳಿಸಿ ಉಗುಳಿ, ಬಿಳಿ ಷರ್ಟು ಬಿಚ್ಚಿಟ್ಟು, ತನ್ನ ಮನೆಯಿಂದ ಇನ್ನೊಂದು ಮಂಕರಿ ತಂದ. ಬಿಸಿಲು ಏರುವಷ್ಟರಲ್ಲಿ ತಿಪ್ಪೆ ಜಾಗ ಬದಲಿಸಿತ್ತು. ನಾನು ಕೈ ತೊಳೆದುಕೊಂಡು ಹೋಗಿ ಹಾಲು ಕರೆದೆ.